ಹುಸ್ನಾರ ಎರಡನೆಯ ಡ್ರಮ್

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಗಾಡಿಯೊಂದು ಹಾದುಹೋದದ್ದು ಬಿಟ್ಟರೆ ಓಣಿಗೆ ಓಣಿಯೇ ಮಲಗಿದೆ. ಮನೆಯ ಹಿಂದೆ, ತಗಡಿನ ಮಾಡಿನ ಕೆಳಗೆ, ಹುಸ್ನಾ ಒಲೆಗೆ ಸೀಳು ಕಟ್ಟಿಗೆ ಒಡ್ಡುತ್ತಿದ್ದಾರೆ. ಒಲೆಯ ಮೇಲೆ ಅಡ್ಡಲಾಗಿ ಒಂದು ಪುಟ್ಟ ಕಬ್ಬಿಣದ ಡ್ರಮ್, ಅದರ ಪಕ್ಕಕ್ಕೆ ತಿರುಗಿಸುವ ಹಿಡಿಕೆ. ಓಢಣಿಯನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು, ಡ್ರಮ್ಮಿನ ಕಡೆಯ ಕಿವಿಯೊಂದನ್ನು ಮಾತ್ರ ಹೊರಗೆ ಬಿಟ್ಟಿದ್ದಾರೆ.

ಗಂಡ ಜಾವೇದ್ ಬಾಗಿಲಲ್ಲಿ ನಿಂತು, "ಚಾ ಮಾಡ್ಲಾ?" ಎಂದು ಕೇಳುತ್ತಾರೆ.

"ಈಗ ಮಾತಾಡಿಸ್ಬೇಡಿ," ಎನ್ನುತ್ತಾರೆ ಹುಸ್ನಾ, ತಿರುಗಿ ನೋಡದೆ.

ಡ್ರಮ್ಮಿನೊಳಗೆ ಬೀಜ ಉರುಳುವ ಜರಜರ ಸದ್ದು. ಅದರ ನಡುವೆ ಒಂದು 'ಚಟ್'. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಒಲೆಯಲ್ಲಿ ಒಣ ಎಲೆ ಸಿಡಿದ ಹಾಗೆ ಒಂದರ ಹಿಂದೊಂದು. ಹುಸ್ನಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ತುಟಿ ಏನನ್ನೋ ಎಣಿಸುವಂತೆ ಅಲುಗುತ್ತದೆ. ಸಿಡಿತ ನಿಧಾನವಾದದ್ದೇ ತಡ, ಡ್ರಮ್ಮಿನ ಬಾಯಿ ತೆರೆದು ಇಡೀ ಕಾಫಿಬೀಜವನ್ನು ಅಗಲದ ಜರಡಿಗೆ ಸುರಿಯುತ್ತಾರೆ. ಹೊಗೆ ಏಳುತ್ತದೆ. ಮೊರ ತೆಗೆದುಕೊಂಡು ಬೀಸುತ್ತ ಬೀಸುತ್ತ, ಈಗ ಗಂಡನ ಕಡೆ ತಿರುಗಿ ನಗುತ್ತಾರೆ. "ಹಾಂ, ಈಗ ಮಾಡಿ ಚಾ. ನಂಗೆ ಸಕ್ರೆ ಜಾಸ್ತಿ ಹಾಕಿ."

ಇವತ್ತು ಹುರಿದದ್ದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಇಂದಿರಾನಗರದ ಅಡ್ಡರಸ್ತೆಯೊಂದರ ಕಾಫಿ ಅಂಗಡಿಯವರು ಇದನ್ನು ಕುಡಿದು ನೋಡುತ್ತಾರೆ. ಮೆಚ್ಚಿದರೆ ಹುಸ್ನಾ ಹುರಿದ ಕಾಫಿ ಅವರ ಕಪಾಟು ಸೇರುತ್ತದೆ. ಮೆಚ್ಚದಿದ್ದರೆ ಇಲ್ಲ. ವರ್ಷಕ್ಕೆ ಬೇಕಾದ ಕಾಫಿ ಯಾರಿಂದ ತರಿಸಬೇಕೆಂದು ಅವರು ನಿರ್ಧರಿಸುವುದು ಈ ತಿಂಗಳಲ್ಲಿ. ಹುಸ್ನಾಗೆ ಇದು ಎರಡನೆಯ ಸಲ. ಮೊದಲನೆಯ ಸಲ ಕೈಗೆ ಬಂದದ್ದನ್ನು ಅವರೇ ತಮ್ಮ ಬಾಯಾರೆ ಕಳೆದುಕೊಂಡು ಬಂದಿದ್ದಾರೆ. ಮೂರನೆಯ ಸಲ ಕೇಳುವ ಮುಖ ತನಗಿಲ್ಲ ಎಂದು ಅವರಿಗೆ ಗೊತ್ತಿದೆ.

*

ಹುಸ್ನಾ ಯಲ್ಲಾಪುರದವರು. ಲಾರಿ ಡ್ರೈವರರ ಮಗಳು. ಮದುವೆಯಾಗಿ ಶಿರಸಿಗೆ ಬಂದಾಗ ಇಲ್ಲಿ ಮಾವ ದಾದಾಸಾಬರ ಶೇಂಗಾ ಭಟ್ಟಿ ಊರಿಗೆಲ್ಲ ಗೊತ್ತಿದ್ದ ಅಂಗಡಿ. ಶೇಂಗಾ, ಪುಟಾಣಿ, ಬಟಾಣಿ, ಎಲ್ಲವನ್ನೂ ಭಟ್ಟಿಯ ದೊಡ್ಡ ಡ್ರಮ್ಮಿನಲ್ಲಿ ಹುರಿದು ಮಾರುವ ಕಸುಬು. ಅತ್ತೆಗೆ ಹೊಗೆ ಆಗದೆ ದಮ್ಮು ಹಿಡಿದಾಗ ಹೊಸ ಸೊಸೆ ನಾಲ್ಕು ದಿನಕ್ಕೆಂದು ಭಟ್ಟಿಯ ಮುಂದೆ ಕೂತರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಭಟ್ಟಿಯ ಕೆಲಸ ನೋಡುವಷ್ಟು ಸುಲಭದ್ದಲ್ಲ. ಬೇಸಿಗೆಯಲ್ಲಿ ಮುಖದ ಚರ್ಮ ಬಿರಿಯುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿ, ಕಣ್ಣು ಕೆಂಪು. ನಾಗರಪಂಚಮಿ ಹತ್ತಿರ ಬಂದರೆ ಉಂಡೆ ಕಟ್ಟುವವರಿಗೆ ಪುಟಾಣಿ, ಶೇಂಗಾ ಕೊಟ್ಟು ಪೂರೈಸುವುದಿಲ್ಲ. ದಿನಕ್ಕೆ ಎರಡು ಮೂರು ಚೀಲ ಹುರಿದು, ಸಂಜೆಗೆ ಹೆಗಲು ಎತ್ತಲಾಗದೆ ತಲೆ ಬಾಚಿಕೊಳ್ಳುವುದನ್ನೂ ಬಿಟ್ಟು ಮಲಗಿದ ದಿನಗಳಿವೆ. ಗಿರಾಕಿಗಳು ಮಾತ್ರ ಇವತ್ತಿಗೂ "ದಾದಾಸಾಬನ ಶೇಂಗಾ ಅಂದ್ರೆ ದಾದಾಸಾಬನ ಶೇಂಗಾ" ಎಂದು ಹೊಗಳಿ ಒಯ್ಯುತ್ತಾರೆ. ದಾದಾಸಾಬರಿಗೆ ಈಗ ಎಂಬತ್ತರ ಹತ್ತಿರ. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ಹೊಗಳಿಕೆ ಸ್ವೀಕರಿಸುವುದು ಅವರ ಪಾಲಿನ ಕೆಲಸ.

"ಬೇಜಾರೇನಿಲ್ಲ. ಅಬ್ಬಾ ಕೂತ್ರೇ ಅಂಗಡಿಗೆ ಕಳೆ," ಎನ್ನುತ್ತಾರೆ ಹುಸ್ನಾ. ಆಮೇಲೆ, "ಬೇಜಾರು ಆಗ್ತದೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ಬೆಂಗಳೂರಿಗೆ ಹೋಗಿ ಬಂದ್ಮೇಲೆ ಗೊತ್ತಾಯ್ತು" ಎಂದು ಸೇರಿಸುತ್ತಾರೆ.

ಕಾಫಿ ಅವರಿಗೆ ಹೊಸದಲ್ಲ. ಸಿದ್ದಾಪುರದ ಕಡೆಯ ಬೆಳೆಗಾರರು ಮನೆಖರ್ಚಿಗೆಂದು ತಮ್ಮದೇ ಕಾಫಿಬೀಜವನ್ನು ಕೈಚೀಲದಲ್ಲಿ ತಂದು, ಈ ಭಟ್ಟಿಯಲ್ಲಿ ಹುರಿಸಿಕೊಂಡು ಹೋಗುವ ರೂಢಿ ಮೊದಲಿನಿಂದ ಇದೆ. ಅವರಲ್ಲಿ ಕಾನಸೂರಿನ ದ್ಯಾವಮ್ಮ ಒಬ್ಬರು. ಗಂಡನಿಲ್ಲದ ಸಂಸಾರವನ್ನು ಸ್ವಂತ ಜಮೀನಿನ ಮೇಲೆ ಎತ್ತಿ ನಿಲ್ಲಿಸಿದ ಹೆಂಗಸು, ಮಾತು ಕಡ್ಡಿ ಮುರಿದಂತೆ. "ಇದ್ದಲಿನಾಂಗೆ ಕಪ್ಪಾಗ್ಲಿ, ಎಣ್ಣೆ ಬಿಡ್ಲಿ" ಎಂದು ಹೇಳಿ ಚೀಲ ಇಟ್ಟು ಸಂತೆಗೆ ಹೋಗುತ್ತಿದ್ದರು. ಹುಸ್ನಾ ಇದ್ದಲಿನಂತೆ ಹುರಿದು ಕೊಡುತ್ತಿದ್ದರು. ಅದರ ಒಂದು ಗುಟುಕನ್ನೂ ಅವರು ಕುಡಿದಿರಲಿಲ್ಲ. ಅವರದು ಚಾ ಕುಡಿಯುವ ಮನೆ.

*

ಕಳೆದ ಚಳಿಗಾಲದಲ್ಲಿ ಜಾವೇದ್ ತಮ್ಮ ಪಿಕಪ್ ಗಾಡಿಯಲ್ಲಿ ಕಾಳುಮೆಣಸು ತುಂಬಿಕೊಂಡು ಬೆಂಗಳೂರಿಗೆ ಹೊರಟಾಗ ಹುಸ್ನಾ ಜೊತೆಗೆ ಹೋದರು. ಅಕ್ಕನ ಮಗಳು ಅಸ್ಫಿಯಾ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಎರಡು ದಿನ ರಜೆ. "ಖಾಲಾ, ನಿಮ್ಗೆ ಲಾಲ್‌ಬಾಗ್ ತೋರಿಸ್ಲಾ, ಮಾಲ್ ತೋರಿಸ್ಲಾ?" ಎಂದು ಕೇಳಿದಳು. ಚಿಕ್ಕಮ್ಮ, "ಮೊದ್ಲು ಎಲ್ಲಾದ್ರೂ ಕೂತ್ಕೊಳ್ಳುವ" ಎಂದರು. ಹಾಗೆ ಕೂರಲು ಹೋದದ್ದು ಮೆಟ್ರೋ ಸ್ಟೇಷನ್ನಿನ ಪಕ್ಕದ ಒಂದು ಕಾಫಿ ಅಂಗಡಿಗೆ.

ಅದನ್ನು ನೆನೆದರೆ ಹುಸ್ನಾ ಈಗಲೂ ಮೊರ ಕೆಳಗಿಟ್ಟು ಎರಡೂ ಕೈಯಲ್ಲಿ ಮಾತಾಡಲು ಶುರುಮಾಡುತ್ತಾರೆ. "ಇಷ್ಟೆತ್ತರ ಗಾಜು! ಒಳಗೆ ಒಂದೊಂದು ಮೇಜಿಗೆ ಒಂದೊಂದು ಹೆಂಗ್ಸು. ಒಬ್ರೇ ಬಂದು ಒಬ್ರೇ ಕೂತಾರೆ. ಪುಸ್ತಕ ಓದ್ತಾರೆ, ಸುಮ್ನೆ ಕಿಟ್ಕಿ ಕಡೆ ನೋಡ್ತಾರೆ. ನಾನು ಬುರ್ಖಾದಲ್ಲಿ ಹೋದೆ, ಎಲ್ರೂ ತಿರುಗಿ ನೋಡ್ತಾರೆ ಅಂತ ಅಂದ್ಕೊಂಡೆ. ಯಾರೂ ನೋಡ್ಲಿಲ್ಲ! ಒಂದು ನಿಮಿಷ ಬೇಜಾರೇ ಆಯ್ತು. ಆಮೇಲೆ ಎಷ್ಟು ಹಗುರ ಅನಿಸ್ತು ಅಂದ್ರೆ, ಚಪ್ಪಲಿ ಬಿಟ್ಟು ಕಾಲು ಮೇಲೆ ಇಟ್ಕೊಂಡು ಕೂತೆ."

ಕಾಫಿ ಬಂತು. ಹಾಲಿಲ್ಲ, ಸಕ್ಕರೆಯಿಲ್ಲ, ಗಾಜಿನ ಲೋಟದಲ್ಲಿ ಕೆಂಪು ಕೆಂಪು. ಮೊದಲ ಗುಟುಕಿಗೆ ಹುಸ್ನಾ ಮುಖ ಕಿವುಚಿದರು. "ಹುಳಿ! ಇದಕ್ಕೆ ಮುರುಗಲು ಹಿಂಡಿದಾರೇನೇ?" ಅಸ್ಫಿಯಾ ನಕ್ಕು ಟಿಶ್ಯೂ ಕೊಟ್ಟಳು. ಎರಡನೆಯ ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿದರು. ಮೂರನೆಯದಕ್ಕೆ, "ಅಲ್ಲಾ, ಇದು ಕಾಫಿನಾ? ಕಾಫಿ ಹೀಗೂ ಇರ್ತದಾ?" ಎಂದು ಲೋಟವನ್ನು ಬೆಳಕಿಗೆ ಹಿಡಿದರು.

ಅಲ್ಲಿಗೆ ಲಾಲ್‌ಬಾಗೂ ಹೋಯಿತು, ಮಾಲೂ ಹೋಯಿತು. ಎರಡು ದಿನ ಚಿಕ್ಕಮ್ಮ-ಮಗಳು ಕಾಫಿ ಅಂಗಡಿಗಳನ್ನೇ ಹುಡುಕಿಕೊಂಡು ತಿರುಗಿದರು. ಹಳೇ ಬಂಗಲೆಯ ಹಿತ್ತಲಲ್ಲಿದ್ದ ಒಂದರಲ್ಲಿ ಕಾಫಿಪುಡಿ ಹಾಕಿದ ಕಾಗದದ ಶಂಕುವಿಗೆ ಬಿಸಿನೀರನ್ನು ಎಳೆ ಎಳೆಯಾಗಿ ಬಿಡುತ್ತಿದ್ದ ಹುಡುಗನನ್ನು ನೋಡಿ ಹುಸ್ನಾ, "ನಿಮ್ಮ ಆಸ್ಪತ್ರೆ ಸಲೈನ್ ಹಾಂಗೇ ಇದೆಯಲ್ಲೇ" ಎಂದರು. ಇನ್ನೊಂದರಲ್ಲಿ ಮೂರು ಊರಿನ ಕಾಫಿಯನ್ನು ಮೂರು ಪುಟಾಣಿ ಕಪ್ಪಿನಲ್ಲಿ ಸಾಲಾಗಿ ಇಟ್ಟರು. ಮೂರಕ್ಕೂ ಮೂರು ರುಚಿ. "ರಾತ್ರಿ ನಿದ್ದೆ ಬರ್ಲಿಲ್ಲ. ಕಾಫಿ ಕುಡಿದು ಅಲ್ಲ, ಖುಷಿಗೆ," ಎನ್ನುತ್ತಾರೆ ಹುಸ್ನಾ. "ಕಾಫಿ ಕುಡಿದೂ ಇರ್ಬಹುದು" ಎಂದು ಜಾವೇದ್ ಪಕ್ಕದಿಂದ ಸೇರಿಸುತ್ತಾರೆ.

ಎರಡನೆಯ ದಿನ ಸಂಜೆ ಇಂದಿರಾನಗರದ ಆ ಅಂಗಡಿ ಸಿಕ್ಕಿತು. ಗಾಜಿನ ಆಚೆ ದೊಡ್ಡದೊಂದು ಯಂತ್ರ, ಅದರ ಹೊಟ್ಟೆಯಲ್ಲಿ ತಿರುಗುವ ಡ್ರಮ್. ಪಕ್ಕದಲ್ಲಿ ಏಪ್ರನ್ ಕಟ್ಟಿದ ಹುಡುಗಿಯೊಬ್ಬಳು ಕೂದಲು ಸರಿಸಿ, ಒಂದು ಕಿವಿಯನ್ನು ಯಂತ್ರದ ಹತ್ತಿರ ತಂದು, ಕಣ್ಣು ಮುಚ್ಚಿ ನಿಂತಿದ್ದಾಳೆ.

ಹುಸ್ನಾ ಫುಟ್‌ಪಾತಿನಲ್ಲೇ ನಿಂತುಬಿಟ್ಟರು. "ಅಸ್ಫಿಯಾ, ನೋಡೇ! ಇದು ನನ್ನ ಕೆಲ್ಸ!"

"ಇಪ್ಪತ್ತು ವರ್ಷ ಹಾಗೇ ಕಿವಿ ಕೊಟ್ಟು ಕೂತಿದೇನೆ," ಎನ್ನುತ್ತಾರೆ ಅವರು ಈಗ. "ಯಾರಾದ್ರೂ ಇನ್ನೊಬ್ರು ಹಾಗೆ ಕೂರೂದನ್ನ ನಾನು ನೋಡಿರ್ಲೇ ಇಲ್ಲ. ಕನ್ನಡಿ ನೋಡಿದ ಹಾಂಗಾಯ್ತು. ಅಳು ಬಂತು ನೋಡಿ. ಎಂತಕ್ಕೆ ಅಂತ ಅಸ್ಫಿಯಾ ಕೇಳಿದ್ರೆ ಹೇಳೂಕೆ ಗೊತ್ತಾಗ್ಲಿಲ್ಲ."

ಒಳಗಿದ್ದ ಹುಡುಗಿಯ ಹೆಸರು ಅಭಿಜ್ಞಾ. ಗಾಜಿಗೆ ಮೂಗು ತಾಗಿಸಿ ನಿಂತ ಹೆಂಗಸನ್ನು ನೋಡಿ ಒಳಗೆ ಕರೆದಳು. ಅರ್ಧ ಗಂಟೆಯಲ್ಲಿ 'ಆಂಟಿ' ಹೋಗಿ 'ಹುಸ್ನಕ್ಕ' ಆಯಿತು. ಕಪ್ಪಗೆ ಸುಡುವ ಮೊದಲೇ, ಸಿಡಿತ ಇಳಿಯುತ್ತಿದ್ದಂತೆ ಬೀಜವನ್ನು ಹೊರತೆಗೆದರೆ ಅದರದೇ ರುಚಿ ಉಳಿಯುತ್ತದೆ ಎಂದು ಅಭಿಜ್ಞಾ ತೋರಿಸಿಕೊಟ್ಟಳು. ಹುಸ್ನಾ ಪ್ರಶ್ನೆ ಕೇಳಿದರು, ಮತ್ತೆ ಕೇಳಿದರು, ಹಿಡಿಕೆ ಮುಟ್ಟಿ ನೋಡಿದರು. ಹೊರಡುವಾಗ ಅಭಿಜ್ಞಾ, "ನಿಮ್ಮ ಕಡೆ ಬೀಜ ಹುರಿದು ತನ್ನಿ ಹುಸ್ನಕ್ಕ, ಚೆನ್ನಾಗಿದ್ರೆ ಅಂಗಡಿಯಲ್ಲಿ ಇಡೋಣ. ಸುಮ್ನೆ ಹೇಳ್ತಿಲ್ಲ" ಎಂದಳು.

*

ಊರಿಗೆ ಬಂದವರೇ ಹುಸ್ನಾ ಕಾನಸೂರಿನ ಬಸ್ಸು ಹತ್ತಿದರು. ಗಿಡದಲ್ಲಿ ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕೊಯ್ದು ಬೇರೆ ಒಣಗಿಸಬೇಕೆಂದು ದ್ಯಾವಮ್ಮನಿಗೆ ಹೇಳಿದರು.

"ಹಣ್ಣು ಆರಿಸ್ಕ್ಯಂಡು ಕೂರೂಕೆ ನಾನೇನು ಮಂಗನಾ?" ಎಂದರು ದ್ಯಾವಮ್ಮ.

"ಅಕ್ಕ, ಒಂದೇ ಚೀಲ. ನನ್ನ ಸಲುವಾಗಿ."

"ಬೆಂಗ್ಳೂರು ನೀರು ಕುಡ್ದು ತಲೆ ಕೆಟ್ಟದೆ ನಿಂಗೆ," ಎಂದು ಬೈದುಕೊಂಡೇ ದ್ಯಾವಮ್ಮ ಒಂದು ಚೀಲ ಆರಿಸಿಕೊಟ್ಟರು. ಒಣಗಿದ ಮೇಲೆ ಮಿಲ್ಲಿನಲ್ಲಿ ಸಿಪ್ಪೆಯನ್ನೂ ತೆಗೆಸಿ ತಂದಿಟ್ಟರು.

ಮನೆಯಲ್ಲಿ ಮೊದಲ ಸಲ ಕಪ್ಪಾಗದಂತೆ ಹುರಿದು, ಸೋಸಿ, ಹಾಲಿಲ್ಲದ ಕಾಫಿಯನ್ನು ಗಾಜಿನ ಲೋಟಗಳಲ್ಲಿ ತಟ್ಟೆಗಿಟ್ಟು ತಂದಾಗ ದಾದಾಸಾಬರು ಕುರ್ಚಿಯಿಂದ ಎದ್ದೇಬಿಟ್ಟರು. ಈ ಓಣಿಯಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರೇ ಊಟ ತರುತ್ತಾರೆ, ಬಂದವರಿಗೆ ಹಾಲು ಹಾಕದ ಕರಿ ಚಾ ಕೊಡುತ್ತಾರೆ. ಮುದುಕರು ಟೋಪಿ ಸರಿಮಾಡಿಕೊಂಡು ಗಾಬರಿಯಲ್ಲಿ ಕೇಳಿದರು: "ಯಾರು ಹೋದ್ರೇ?"

"ಯಾರೂ ಹೋಗ್ಲಿಲ್ಲ ಅಬ್ಬಾ. ಕುಡೀರಿ."

"ಯಾರೂ ಹೋಗ್ದೆ ಇದನ್ನೆಂತಕ್ಕೆ ಕುಡೀಬೇಕು?" ಎಂದರಂತೆ ದಾದಾಸಾಬರು. ಆ ಮಾತಿಗೆ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಈಗ ಅವರೂ ಕುಡಿಯುತ್ತಾರೆ, ಎರಡು ಚಮಚ ಸಕ್ಕರೆ ಹಾಕಿಕೊಂಡು.

ತಿಂಗಳೊಪ್ಪತ್ತಿನಲ್ಲಿ ಹುಸ್ನಾ ಹುರಿದ ಬೀಜದ ಪೊಟ್ಟಣ ಹಿಡಿದು ಮತ್ತೆ ಪಿಕಪ್ ಹತ್ತಿದರು. ಇಂದಿರಾನಗರದ ಅಂಗಡಿಯಲ್ಲಿ ಅಭಿಜ್ಞಾ ಮತ್ತು ಜೊತೆಯ ಇಬ್ಬರು ಮೇಜಿನ ಸುತ್ತ ನಿಂತು ಚಮಚದಲ್ಲಿ ಕಾಫಿ ತೆಗೆದು ಸೊರ್ ಎಂದು ಎಳೆದು ಕುಡಿದರು. "ನಮ್ಮನೇಲಿ ಹಾಗೆ ಸದ್ದು ಮಾಡಿದ್ರೆ ಅತ್ತೆ ಎದ್ದು ಬಂದು ಬೈತಿದ್ರು," ಎನ್ನುತ್ತಾರೆ ಹುಸ್ನಾ. ಅಭಿಜ್ಞಾ ಇನ್ನೊಮ್ಮೆ ಎಳೆದಳು. ಅವಳ ಮುಖ ಅರಳಿತು. "ಹುಸ್ನಕ್ಕ, ಇದೇನಿದು! ಹುರಿದ ಶೇಂಗಾ, ಹಿಂದೆ ಸ್ವಲ್ಪ ಬೆಲ್ಲ. ಇಷ್ಟು ಸ್ಪಷ್ಟವಾಗಿ ಶೇಂಗಾ ಬರೋ ಕಾಫಿ ನಾನು ಕುಡಿದೇ ಇಲ್ಲ. ನಿಮ್ಮ ಕಡೆ ಮಣ್ಣಿನ ಗುಣ ಇರ್ಬೇಕು. ಇದು ನಮಗೆ ಬೇಕು."

ಜಾವೇದ್ ಹೆಂಡತಿಯ ಮುಖ ನೋಡಿದರು. ಹೆಂಡತಿಯ ಮುಖ ಬಿಳಿಚಿತ್ತು.

ಹಿಂದಿನ ದಿನ ಬೆಳಿಗ್ಗೆ ಭಟ್ಟಿಯ ದೊಡ್ಡ ಡ್ರಮ್ಮಿನಲ್ಲಿ ಹುಸ್ನಾ ಒಂದು ಚೀಲ ಶೇಂಗಾ ಹುರಿದಿದ್ದರು. ಆಮೇಲೆ ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಕಾಫಿ ಹುರಿದು ತಂದಿದ್ದರು. ಮನೆಯಲ್ಲಿ ಯಾರಿಗೂ ಅದರ ವಾಸನೆ ತಿಳಿದಿರಲಿಲ್ಲ. ಹೇಗೆ ತಿಳಿಯಬೇಕು? ಆ ಮನೆಯ ಗೋಡೆಗೂ ಶೇಂಗಾ ವಾಸನೆಯೇ.

"ಸುಮ್ನಿರು ಅಂತ ಒಂದು ಮನಸ್ಸು," ಎನ್ನುತ್ತಾರೆ ಅವರು. "ಮಣ್ಣಿನ ಗುಣ ಅಂತ ಅವ್ರೇ ಹೇಳಿದಾರಲ್ಲ, ನಾನೇನು ಸುಳ್ಳು ಹೇಳ್ಲಿಲ್ಲ. ಅಷ್ಟು ಆಸೆ ನಂಗೆ ಯಾವುದ್ರ ಮೇಲೂ ಹುಟ್ಟಿರ್ಲಿಲ್ಲ, ಬಂಗಾರದ ಮೇಲೂ ಇಲ್ಲ. ಆದ್ರೆ ಆ ಹುಡ್ಗಿ ಕಣ್ಣು ಮುಚ್ಕೊಂಡು ಕುಡೀತಿದ್ಲು ನೋಡಿ. ಅವ್ಳ ಎದುರು ಸುಮ್ನೆ ನಿಲ್ಲೂಕೆ ಆಗ್ಲಿಲ್ಲ."

ಹೇಳಿಬಿಟ್ಟರು. ಅಭಿಜ್ಞಾ ಮೇಜು ಹಿಡಿದುಕೊಂಡು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆದರೆ ನಗು ಮುಗಿದ ಮೇಲೆ ಪೊಟ್ಟಣವನ್ನು ಮಡಚಿ ವಾಪಸ್ ಕೊಟ್ಟಳು. "ಶೇಂಗಾ ಆಗದವರು ಇರ್ತಾರೆ ಹುಸ್ನಕ್ಕ. ಒಂದು ಚೂರು ಒಳಗೆ ಹೋದ್ರೂ ಕೆಲವರಿಗೆ ಗಂಟಲು ಕಟ್ಟಿ ಆಸ್ಪತ್ರೆ ಸೇರಬೇಕಾಗತ್ತೆ. ನೀವು ಹೇಳದೆ ಇದ್ದಿದ್ರೆ ನಾನು ಯಾರಿಗಾದ್ರೂ ಕೊಟ್ಟುಬಿಡ್ತಿದ್ದೆ. ಬೇರೆ ಡ್ರಮ್, ಬೇರೆ ಜಾಗ ಆದ್ರೆ ಮಾತ್ರ ಕಳಿಸಿ. ಮುಂದಿನ ತಿಂಗಳ ಒಳಗೆ."

ಪಿಕಪ್ ತುಮಕೂರು ದಾಟಿತು. ಆಮೇಲೆ ಜಾವೇದ್, "ಬಾಯಿ ಮುಚ್ಕೊಂಡು ನಿಲ್ಲೂಕೆ ಏನಾಗಿತ್ತು ನಿಂಗೆ?" ಎಂದರು.

"ಮುಚ್ಕೊಂಡಿದ್ರೆ ಪ್ರತಿ ಸಲ ಮೊದ್ಲು ಶೇಂಗಾ ಹುರ್ದು ಆಮೇಲೆ ಕಾಫಿ ಹುರೀಬೇಕಾಗಿತ್ತು," ಎಂದರು ಹುಸ್ನಾ, ಕಿಟಕಿಯ ಕಡೆ ಮುಖ ಮಾಡಿ. ಜಾವೇದ್‌ಗೆ ಮಾತ್ರ ನಗು ತಡೆಯಲಾಗಲಿಲ್ಲ.

ಜಾವೇದ್ ಹೆಚ್ಚು ಮಾತಿನ ಮನುಷ್ಯರಲ್ಲ. ಊರಿಗೆ ಬಂದ ಮರುವಾರದಿಂದ ಬಾಡಿಗೆ ಮುಗಿಸಿದ ಮೇಲೆ ಮನೆಗೆ ಬಾರದೆ ಎಲ್ಲಿಗೋ ಹೋಗತೊಡಗಿದರು. ಹುಸ್ನಾ ಕೇಳಲಿಲ್ಲ, ಇನ್ನೂ ಸಿಟ್ಟಿರಬೇಕೆಂದುಕೊಂಡರು. ಒಂದು ಸಂಜೆ ಪಿಕಪ್ಪಿನ ಹಿಂಬದಿಯಿಂದ ಈ ಪುಟ್ಟ ಡ್ರಮ್ ಇಳಿಯಿತು. ಇಸಳೂರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಪರಿಚಯದವನ ಪಕ್ಕದಲ್ಲೇ ನಿಂತು, ಹೊಸ ತಗಡಿನಲ್ಲಿ ಮಾಡಿಸಿದ್ದು. ಹಿಡಿಕೆಗೆ ಹುಸ್ನಾರ ಅಂಗೈಗೆ ಸರಿಯಾಗುವಂತೆ ಮರದ ತುಂಡನ್ನು ತಾವೇ ಕೆತ್ತಿ ಕೂರಿಸಿದ್ದಾರೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ತಗಡು ಹೊದಿಸಿ, ಭಟ್ಟಿಯ ಗಾಳಿ ಬಾರದಂತೆ ಗೋಡೆ ಎಬ್ಬಿಸಿದ್ದೂ ಅವರೇ. ಈಗ ಹುಸ್ನಾ ಇಲ್ಲಿಗೆ ಬರುವ ಮೊದಲು ಸ್ನಾನ ಮಾಡಿ, ಬೇರೆ ಬಟ್ಟೆ ಉಡುತ್ತಾರೆ. ಶೇಂಗಾದ ಕೈ ಈ ಮಾಡಿನ ಕೆಳಗೆ ಬರುವಂತಿಲ್ಲ. ಬಾಯಿ ಚಪಲಕ್ಕೆ ಶೇಂಗಾ ಮೆಲ್ಲುತ್ತ ಈಚೆ ಬಂದ ದಾದಾಸಾಬರನ್ನೂ ಸೊಸೆ ಕೈಹಿಡಿದು ಹೊರಗೆ ಬಿಟ್ಟು ಬಂದಿದ್ದಾರೆ.

*

ಜರಡಿಯಲ್ಲಿ ಬೀಜ ತಣಿದಿದೆ. ಸುಟ್ಟದ್ದು, ಅರೆಬೆಂದದ್ದು ಏನಾದರೂ ಇದೆಯೇ ಎಂದು ಹುಸ್ನಾ ಕೈಯಾಡಿಸಿ ಆರಿಸುತ್ತಾರೆ. ಪೊಟ್ಟಣ ಕಟ್ಟುತ್ತಾರೆ. ರಾತ್ರಿ ಬಸ್ಸಿನ ಡ್ರೈವರ್ ಜಾವೇದ್‌ಗೆ ಗೆಳೆಯ. ಪೊಟ್ಟಣವನ್ನು ಅವನ ಸೀಟಿನ ಪಕ್ಕದಲ್ಲೇ ಇಡಿಸಿ ಬರುತ್ತಾರೆ.

ಆಮೇಲಿನ ದಿನಗಳು ಉದ್ದ. ಶೇಂಗಾ ಹುರಿಯುವಾಗ ಹುಸ್ನಾರ ಕಣ್ಣು ಫೋನಿನ ಮೇಲೆ. ಸಂತೆಗೆ ಬಂದ ದ್ಯಾವಮ್ಮ ಅಂಗಡಿಯೆದುರು ನಿಂತು, "ಎಂತ ಹೇಳಿದ್ರು ನಿನ್ನ ಬೆಂಗ್ಳೂರಿನವ್ರು?" ಎಂದು ಕೇಳುತ್ತಾರೆ. ಏನೂ ಹೇಳಿಲ್ಲ ಎಂದರೆ, "ಅಲ್ಲಾ, ಕಡೇ ಕೊಯ್ಲಿನ ಹಣ್ಣನ್ನೂ ಬೇರೆ ಆರ್ಸಿ ಇಟ್ಟಿದೇನೆ, ಇನ್ನೂ ಒಂದು ಚೀಲ. ಅವ್ರು ಬ್ಯಾಡ ಅಂದ್ರೆ ಯಾರಿಗೆ ಕೊಡ್ಲಿ?" ಎಂದು ರೇಗುತ್ತಾರೆ. ಯಾರೂ ಹೇಳದೆಯೇ ಆರಿಸಿಟ್ಟಿದ್ದಾರೆ ಎಂಬುದು ಹುಸ್ನಾಗೆ ಅರ್ಥವಾಗುವಷ್ಟರಲ್ಲಿ ದ್ಯಾವಮ್ಮ ಬಸ್ಸಿಗೆ ಹೊರಟಾಗಿದೆ.

ಫೋನ್ ಬರುವುದು ಮಧ್ಯಾಹ್ನದ ನಮಾಜಿನ ಹೊತ್ತು ಮುಗಿದ ಮೇಲೆ. ಹುಸ್ನಾ ಸೆರಗಿಗೆ ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕುತ್ತಾರೆ.

"ಹುಸ್ನಕ್ಕ, ಶೇಂಗಾ ಇಲ್ಲ!" ಅಭಿಜ್ಞಾಳ ಧ್ವನಿ.

"ಮತ್ತೆಂತ ಇದೆ?"

"ಒಣದ್ರಾಕ್ಷಿ. ಹಣ್ಣಾದ ಹಲಸಿನ ಹಾಗೆ ಏನೋ ಒಂದು. ಕೊನೇಲಿ ಸಣ್ಣ ಹೊಗೆ."

"ಹೊಗೆ ನಂದೇ. ಕಟ್ಟಿಗೆ ಸ್ವಲ್ಪ ಹಸಿ ಇತ್ತು," ಎಂದು ಹುಸ್ನಾ ತಕ್ಷಣ ಒಪ್ಪಿಕೊಳ್ಳುತ್ತಾರೆ. ಜಾವೇದ್ ಹಣೆ ಚಚ್ಚಿಕೊಳ್ಳುತ್ತಾರೆ.

ಆ ಕಡೆ ಅಭಿಜ್ಞಾ ನಗುತ್ತಾಳೆ. "ಇರ್ಲಿ ಬಿಡಿ, ಮುಂದಿನ ಸಲ ಒಣ ಕಟ್ಟಿಗೆ ಹಾಕಿ. ಕಪಾಟಿನಲ್ಲಿ ಜಾಗ ಖಾಲಿ ಮಾಡ್ತಿದೀನಿ."

ಹುಸ್ನಾ ನಲವತ್ತು ದಾಟಿದ ತಮ್ಮ ವಯಸ್ಸನ್ನೂ, ಓಣಿಯನ್ನೂ, ಎದುರಿನ ಗಿರಾಕಿಯನ್ನೂ ಮರೆತು ಕುಣಿದೇಬಿಡುತ್ತಾರೆ. ಶೇಂಗಾ ಕೊಳ್ಳಲು ಬಂದವರು ಏನೆಂದು ತಿಳಿಯದೆಯೇ ನಗುತ್ತಾರೆ. ದಾದಾಸಾಬರು ಕುರ್ಚಿಯಿಂದಲೇ, "ಎಂತ ಅಂದ್ಲು ಅವ್ಳು?" ಎಂದು ಕೂಗಿ ಕೇಳುತ್ತಾರೆ.

ಫೋನು ಇನ್ನೂ ಕಟ್ಟಾಗಿಲ್ಲ. "ಹುಸ್ನಕ್ಕ, ಕೇಳಿಸ್ತಿದೆಯಾ? ಪೊಟ್ಟಣದ ಮೇಲೆ ಏನಂತ ಬರೆಸ್ಲಿ?"

"ದಾದಾಸಾಬ ಭಟ್ಟಿ ಅಂತ ಹಾಕ್ಲಿ," ಎನ್ನುತ್ತಾರೆ ಜಾವೇದ್. "ಊರಿಗೆಲ್ಲ ಗೊತ್ತಿರೋ ಹೆಸ್ರು."

ಹುಸ್ನಾ ಮಾವನ ಕಡೆ ನೋಡುತ್ತಾರೆ. ಮುದುಕರು, ಸೊಸೆ ಏನು ಹೇಳುತ್ತಾಳೋ ಎಂದು ಕಿವಿಗೆ ಕೈ ಆನಿಸಿ ಕಾಯುತ್ತಾರೆ.

"ಬೆಳೆದವ್ರು ದ್ಯಾವಮ್ಮ, ಕಾನಸೂರು. ಅದನ್ನ ಮೊದ್ಲು ಬರಿ," ಎನ್ನುತ್ತಾರೆ ಹುಸ್ನಾ ಫೋನನ್ನು ಬಾಯಿಗೆ ಹತ್ತಿರ ತಂದು. "ಅದ್ರ ಕೆಳಗೆ, ಹುರಿದವ್ರು ಹುಸ್ನಾ, ಶಿರಸಿ. ದೊಡ್ಡಕ್ಷರದಲ್ಲಿ ಬರಿ ಮಾರಾಯ್ತಿ. ಚೊಲೋ ಇಲ್ಲ ಅಂದ್ರೆ ಯಾರನ್ನ ಬೈಬೇಕು ಅಂತ ಕುಡಿದವ್ರಿಗೆ ಗೊತ್ತಾಗ್ಲಿ."